ವ್ಹೀಲ್‌ಚೇರ್‌ಗೆ ಬೋಟ್ ಕಟ್ಟಿದ 14 ದಿನ

ಅಮೆರಿಕದಲ್ಲಿರುವ ತಂಗಿ ಅಕ್ಟೋಬರ್ 31ರ ಹ್ಯಾಲೋವೀನ್ ಫೋಟೋ ಕಳಿಸಿದ್ದಳು. ಅವತ್ತು ಸಂಜೆ ಅಲ್ಲಿ ಮಕ್ಕಳೆಲ್ಲ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ಅವರ ಬೀದಿಯ ಹುಡುಗನೊಬ್ಬ ತನ್ನ ವ್ಹೀಲ್‌ಚೇರನ್ನೇ ಕಡಲ್ಗಳ್ಳರ ಹಡಗು ಮಾಡಿಕೊಂಡು ಕೂತಿದ್ದ. ವ್ಹೀಲ್‌ಚೇರ್‌ನಲ್ಲೇ ಓಡಾಡುವ ನನ್ನ ಒಂಬತ್ತು ವರ್ಷದ ಮಗಳು ಆ ಫೋಟೋ ಬಿಡಲೇ ಇಲ್ಲ. "ನಂಗೂ ಬೋಟ್ ಬೇಕು, ಆದರೆ ಮಾಮನ ಬೋಟ್" ಎಂದಳು. ನನ್ನ ಅಣ್ಣ ಕಾರವಾರದ ಬೈತಖೋಲ ಬಂದರಿನಿಂದ ಮೀನಿಗೆ ಹೋಗುವವನು. ಶಾಲೆಯ ಛದ್ಮವೇಷ ನವೆಂಬರ್ 14ಕ್ಕೆ ಇತ್ತು.

ಹಿಂದಿನ ವರ್ಷ ಅವಳಿಗೆ ಭಾರತಮಾತೆ ವೇಷ ಹಾಕಿದ್ದೆ. ಕುರ್ಚಿ ಕಾಣಬಾರದು ಅಂತ ಪೂರ್ತಿ ಸೀರೆ ಹೊದಿಸಿದ್ದೆ. ಸೀರೆ ಗಾಲಿಗೆ ಸಿಕ್ಕಿತು, ಅವಳ ಕೈಗೆ ಗಾಲಿ ಸಿಗಲಿಲ್ಲ, ಕೊನೆಗೆ ಟೀಚರ್ ತಳ್ಳಿಕೊಂಡು ಹೋದರು. ದಿನಾ ತಾನೇ ಓಡಿಸಿಕೊಂಡು ಹೋಗುವ ಹುಡುಗಿ ಅವತ್ತು ಮೂರ್ತಿ ಥರ ಕೂತಿದ್ದಳು. ಅದು ನನಗೆ ಇವತ್ತಿಗೂ ಬೇಜಾರು. ಹಾಗಾಗಿ ಈ ಸಲ ಕುರ್ಚಿ ಮುಚ್ಚುವ ಮಾತೇ ಬೇಡ, ಗಾಲಿ ಅವಳ ಕೈಯಲ್ಲೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿದೆ.

ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಚೌಕಟ್ಟು ಮಾಡಿ ಕುರ್ಚಿಯ ಕಬ್ಬಿಣಕ್ಕೆ ಕೇಬಲ್ ಟೈ ಹಾಕಿ ಕಟ್ಟಿದೆವು. ಬ್ರೇಕಿಗೂ ಗಾಲಿಗೂ ಏನೂ ತಾಗಬಾರದು. ಬದಿಗೆ ಮೊದಲು ಮೀನಿನ ಹಳೇ ಥರ್ಮಾಕೋಲ್ ಬಾಕ್ಸ್ ಒಡೆದು ಹಾಕಿದ್ದೆವು. ಅದಕ್ಕೆ ಅಣ್ಣನ ಹತ್ತಿರ ಉಳಿದಿದ್ದ ಬೋಟಿನ ಆಯಿಲ್ ಪೇಂಟ್ ಬಳಿದೆ. ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಕರಗಿ ಹೊಂಡ ಬಿದ್ದಿತ್ತು. ಆಯಿಲ್ ಪೇಂಟಿನಲ್ಲಿರುವ ಟರ್ಪೆಂಟೈನ್, ಥಿನ್ನರ್ ಥರ್ಮಾಕೋಲನ್ನು ತಿನ್ನುತ್ತದೆ, ನೀವು ಮಾಡುವುದಾದರೆ ನೀರಿನಲ್ಲಿ ಕಲಸುವ ಬಣ್ಣವೇ ತೆಗೆದುಕೊಳ್ಳಿ. ನಾವು ಫ್ರಿಜ್ ಬಂದ ರಟ್ಟಿಗೆ ಬದಲಾಯಿಸಿದೆವು. ರಟ್ಟನ್ನು ಗಾಲಿಯ ಹೊರಗೆ ಕಟ್ಟಿದ್ದರಿಂದ, ಕೈ ಹಾಕುವಲ್ಲಿ ಅರ್ಧಚಂದ್ರದ ಹಾಗೆ ದೊಡ್ಡದಾಗಿ ಕತ್ತರಿಸಿದೆ. ನಮ್ಮ ಕುರ್ಚಿಯ ಅಗಲ 52 ಸೆಂಟಿಮೀಟರ್, ಕ್ಲಾಸಿನ ಬಾಗಿಲು 75. ಬೋಟ್ 64 ದಾಟದಂತೆ ನೋಡಿಕೊಂಡೆ.

ಮುಂದಿನ ಚೂಪು ಭಾಗ ಬೇರೆಯೇ ತುಂಡು. ಬಾತ್‌ರೂಮಿಗೆ ಹೋಗಬೇಕಾದರೆ ಎರಡು ನಿಮಿಷದಲ್ಲಿ ಬಿಚ್ಚಲು ಬರಬೇಕಲ್ವಾ?

ಒಂದು ವಿಷಯ ಮಾತ್ರ ಜಾಸ್ತಿ ಹೇಳಬೇಕು. ನನ್ನ ಮಗಳಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಮೊದಲ ಸಲ ಕೂರಿಸಿ ಇಳಿಸಿದಾಗ ಮೊಣಕಾಲಿನ ಬದಿಗೆ ಉದ್ದಕ್ಕೆ ಗೀರು ಬಿದ್ದಿತ್ತು, ರಕ್ತ ಜಿನುಗುತ್ತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಕತ್ತರಿಸಿದ ಕೇಬಲ್ ಟೈ ತುದಿ ಬ್ಲೇಡಿನಷ್ಟು ಚೂಪು. ಆಮೇಲೆ ಪ್ರತಿ ತುದಿಯನ್ನೂ ಹೊರಗೆ ತಿರುಗಿಸಿ, ಪೈಪಿಗೆಲ್ಲ ಹಳೇ ಬನಿಯನ್ ಬಟ್ಟೆ ಸುತ್ತಿದೆ. ಕೂರುವ ಕುಶನ್ ಮುಟ್ಟಲೇ ಇಲ್ಲ. ಅರ್ಧ ಗಂಟೆ ಕೂರಿಸಿ, ಇಳಿಸಿ, ಕಾಲು ಪೂರ್ತಿ ನೋಡಿದೆ. ಎರಡು ದಿನ ಹೀಗೇ ಮಾಡಿದೆ.

ಬಲೆ ಬೇಕೇ ಬೇಕು ಎಂದಳು. ಗಾಲಿಗೆ ಸಿಕ್ಕೀತು ಅಂತ ಒಂದು ತುಂಡನ್ನು ರಟ್ಟಿಗೇ ಅಂಟಿಸಿದೆ, ಎಲ್ಲೂ ಜೋತಾಡದ ಹಾಗೆ. ಲೈಟ್ ಅಣ್ಣನದು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಡಲಿನಲ್ಲಿ ಇರುವ ಹಾಗೆಯೇ. "ಉಲ್ಟಾ ಹಾಕಬೇಡ, ಎದುರಿನ ಬೋಟಿಗೆ ನಾವು ಯಾವ ಕಡೆ ಹೋಗ್ತಿದ್ದೇವೆ ಅಂತ ಗೊತ್ತಾಗೋದು ಇದರಿಂದ್ಲೇ" ಎಂದು ಮಗಳಿಗೆ ಹೇಳಿಕೊಟ್ಟ.

ಶಾಲೆಯ ಸ್ಟೇಜ್ ಮೂರು ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು, ಅಂದರೆ 36 ಅಡಿ. ಅಷ್ಟು ಜಾಗ ಎಲ್ಲಿದೆ? ಎತ್ತಿ ಹತ್ತಿಸುತ್ತೇವೆ ಎಂದರು. ನಾನು ಒಪ್ಪಲಿಲ್ಲ. ವಾರ ಮೊದಲೇ ಹೋಗಿ ಮಾತಾಡಿದ್ದಕ್ಕೆ ಎಲ್ಲ ಮಕ್ಕಳ ಛದ್ಮವೇಷವನ್ನೂ ಅಂಗಳದಲ್ಲೇ ಇಟ್ಟರು.

ಅವತ್ತು ಅವಳು ಲೈಟ್ ಹಾಕಿಕೊಂಡು ಅಂಗಳ ಪೂರ್ತಿ ಒಂದು ಸುತ್ತು ತಾನೇ ಬಂದಳು. ಬುಟ್ಟಿಯಲ್ಲಿ ರಟ್ಟಿನ ಬಂಗಡೆ ಇತ್ತು. ಒಂದನೇ ಕ್ಲಾಸಿನ ಹುಡುಗನೊಬ್ಬ ಓಡಿ ಬಂದು "ಅಕ್ಕಾ, ಬಂಗಡೆ ಹೇಗೆ?" ಎಂದ. "ನೂರಕ್ಕೆ ಎಂಟು" ಎಂದಳು. ಅವನು ಹತ್ತು ಕೊಡು ಅಂತ ಚೌಕಾಸಿಗೆ ನಿಂತ, ಇವಳು ಕೊಡಲಿಲ್ಲ.

ಪೈಪ್ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮುಂದಿನ ವರ್ಷಕ್ಕೆ ಟ್ಯಾಗೋರ್ ಬೀಚಿನಲ್ಲಿರುವ ಚಾಪಲ್ ಯುದ್ಧನೌಕೆ ಬೇಕಂತೆ. ರಟ್ಟು ಈಗಿನಿಂದಲೇ ಕೂಡಿಡುತ್ತಿದ್ದೇನೆ.