ಓಣಿಯಲ್ಲಿ, ಅಂಗಡಿಯಲ್ಲಿ ಯೇಸುವಿನ ಬಗ್ಗೆ ಮಾತಾಡುವುದು ಹೇಗೆ?

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹತ್ತಡಿ ಜಾಗ, ಎರಡು ಮಷೀನು, ಗಿರಾಕಿ ಕೂರೋಕೆ ಒಂದು ಬೆಂಚು. ಬ್ಲೌಸು, ಚೂಡಿದಾರ, ಫಾಲ್, ಪಿಕೋ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ.

ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ. "ಆಂಟಿ, ಆಫೀಸಲ್ಲಿ, ಕಾಲೇಜಲ್ಲಿ ಯೇಸುಸ್ವಾಮಿ ಬಗ್ಗೆ ಹೇಗೆ ಮಾತಾಡೋದು? ಬಾಯೇ ಬರಲ್ಲ." ಅವರಿಗೆ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಹದಿನೈದು ವರ್ಷದ ಹಿಂದಿನ ಮಾತು. ನನ್ನ ಗಿರಾಕಿ ಒಬ್ಬರು, ಶಾಲೆಯ ಟೀಚರು, ಅಳತೆ ಬ್ಲೌಸು ಕೊಡಲು ಬಂದವರು ಹಾಗೇ ಬೆಂಚಿನ ಮೇಲೆ ಕೂತು ಅಳೋಕೆ ಶುರು ಮಾಡಿದರು. ಗಂಡನಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾನು ಕತ್ತರಿ ಕೆಳಗಿಟ್ಟೆ. ಅಲ್ಲಿವರೆಗೆ ಸರಿ. ಆಮೇಲೆ ಇಪ್ಪತ್ತು ನಿಮಿಷ ನಾನೇ ಮಾತಾಡಿದೆ. ಪಾಪ, ಶಿಲುಬೆ, ರಕ್ಷಣೆ, ಎಲ್ಲಾ ಹೇಳಿದೆ. ಕೊನೆಗೆ "ಭಾನುವಾರ ನಮ್ಮ ಸಭೆಗೆ ಬನ್ನಿ ಮಿಸ್, ಎಲ್ಲಾ ಸರಿ ಹೋಗುತ್ತೆ" ಎಂದೆ. ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಎಂಟು ತಿಂಗಳು ಬರಲಿಲ್ಲ. ಪಕ್ಕದ ಮನೆಯವರ ಹತ್ತಿರ ಹೇಳಿದರಂತೆ, "ನಾನು ಅಳೋಕೆ ಹೋದೆ, ಅವರು ಪಾಠ ಮಾಡಿದರು" ಅಂತ.

ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಇನ್ನೊಂದು ತಪ್ಪೂ ಇತ್ತು. ಎಲ್ಲಾ ಸರಿ ಹೋಗುತ್ತೆ ಎಂದು ಭರವಸೆ ಕೊಡಲು ನಾನ್ಯಾರು? ಯೇಸು ಹಾಗೆ ಯಾರಿಗೂ ಹೇಳಿಲ್ಲ. ಲೋಕದಲ್ಲಿ ನಿಮಗೆ ಸಂಕಟ ಉಂಟು ಎಂದೇ ತನ್ನ ಶಿಷ್ಯರಿಗೆ ಹೇಳಿದ್ದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಿಮ್ಮ ಕೈಯಲ್ಲಿರುವ ಕೆಲಸದಿಂದ.

ಹೊಲಿಗೆಯವರ ಮೇಲೆ ಎರಡು ದೂರು ಯಾವಾಗಲೂ ಇರುತ್ತವೆ. ಹೇಳಿದ ದಿನಕ್ಕೆ ಕೊಡಲ್ಲ, ಉಳಿದ ಬಟ್ಟೆ ವಾಪಸ್ ಕೊಡಲ್ಲ. ನಾನೂ ಹಾಗೇ ಇದ್ದೆ. ಹೊಲಿದೇ ಇರದ ಬ್ಲೌಸಿಗೆ "ನಾಳೆ ಬರ್ರಿ, ಹುಕ್ಸ್ ಹಾಕೋದೊಂದೇ ಬಾಕಿ" ಎನ್ನುತ್ತಿದ್ದೆ. ಒಂದು ದಿನ ಮನೆಯಲ್ಲಿ ಸತ್ಯವೇದ (ಬೈಬಲ್) ಓದುವಾಗ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಬಂತು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದವನು ಅವನು. ಯೇಸು ಅವನಿಗೆ ಉಪದೇಶ ಮಾಡಿದ್ದು ಅಲ್ಲಿ ಬರೆದಿಲ್ಲ. ಅವನ ಮನೆಗೆ ಹೋದದ್ದು ಬರೆದಿದೆ. ನಾನು ಮೂಲೆಯ ಚೂರು ಬಟ್ಟೆಯ ಚೀಲ ನೋಡಿದೆ. ಅವತ್ತಿನಿಂದ ಉಳಿದ ತುಂಡನ್ನು ಬ್ಲೌಸಿನ ಒಳಗೇ ಮಡಚಿ ಕೊಡುತ್ತೇನೆ, ಅಂಗೈಯಗಲ ಇದ್ದರೂ ಸರಿ. ಆಗಲ್ಲ ಅಂದರೆ ಆಗಲ್ಲ ಎಂದು ಮೊದಲೇ ಹೇಳುತ್ತೇನೆ. ಯುಗಾದಿ ಮುಂದೆ ಎಷ್ಟೋ ಗಿರಾಕಿ ಬೇರೆ ಅಂಗಡಿಗೆ ಹೋಗಿದ್ದಾರೆ. ಆದರೆ ಒಬ್ಬ ಅಜ್ಜಿ ಕೇಳಿದರು, "ಇದ್ಯಾಕವ್ವ, ಚೂರು ಬಟ್ಟೆ ಸೈತ ಕೊಡ್ತೀಯ?" ನಾನು ಜಕ್ಕಾಯನ ಕಥೆ ಹೇಳಿದೆ. ಎರಡು ನಿಮಿಷ ಆಯಿತು ಅಷ್ಟೇ. ಕೇಳಿದ್ದು ಅವರು, ಹೇಳಿದ್ದು ನಾನು. 1 ಪೇತ್ರ 3:15ರಲ್ಲಿ ಇದೇ ಇದೆ ಅಲ್ವಾ? ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಕೊಡಿ. ಯಾರೂ ಕೇಳದೇ ಇದ್ದರೆ, ಕೇಳುವಂಥದ್ದು ನನ್ನ ಬದುಕಿನಲ್ಲಿ ಏನಾದರೂ ಇದೆಯಾ ಎಂದು ಮೊದಲು ನಾನೇ ನೋಡಿಕೊಳ್ಳಬೇಕು.

ಎರಡನೆಯದು, ಕೊಡುವುದಕ್ಕಿಂತ ಮುಂಚೆ ತೆಗೆದುಕೊಳ್ಳಲು ಕಲಿಯಿರಿ. ಯೋಹಾನ 4ನೇ ಅಧ್ಯಾಯದಲ್ಲಿ ಯೇಸು ಸುಸ್ತಾಗಿ ಬಾವಿಯ ಹತ್ತಿರ ಕೂತಿದ್ದಾನೆ. ಸಮಾರ್ಯದ ಹೆಂಗಸಿಗೆ ಅವನ ಮೊದಲ ಮಾತು "ಕುಡಿಯಲು ನೀರು ಕೊಡು" ಎಂಬುದು. ಆ ಕಾಲದಲ್ಲಿ ಯೆಹೂದ್ಯರು ಸಮಾರ್ಯದವರ ಜೊತೆ ಹೊಂದಿಕೆ ಇಟ್ಟುಕೊಳ್ಳುತ್ತಿರಲಿಲ್ಲ. ನಮ್ಮೂರಲ್ಲಿ ಯಾರ ಮನೆಯ ನೀರು ಯಾರು ಕುಡಿಯುತ್ತಾರೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ನಿಮಗೆ ಗೊತ್ತು. ಪಕ್ಕದ ಮನೆಯವರಿಂದ ಹೆಪ್ಪಿಗೆ ಮೊಸರು ಕೇಳಿ. ಮಗಳ ಮದುವೆ ಮಾತುಕತೆಗೆ ಅವರ ಸಲಹೆ ಕೇಳಿ. ಸಂಜೆ ಅವರು ಮಂಡಕ್ಕಿ ಒಗ್ಗರಣೆ ಮಾಡಿ ಕರೆದರೆ, ಪ್ರಾರ್ಥನಾ ಕೂಟ ಇದೆ ಎಂದು ಓಡಬೇಡಿ. ಕೂತು ತಿನ್ನಿ.

ಇಲ್ಲಿ ಹುಡುಗಿಯರು ಕೇಳುವುದು ಪ್ರಸಾದದ ಬಗ್ಗೆ. ಇದರಲ್ಲಿ ನಮ್ಮ ಸಭೆಯಲ್ಲೇ ಎಲ್ಲರ ಅಭಿಪ್ರಾಯ ಒಂದಲ್ಲ. ನಾನು 1 ಕೊರಿಂಥ 10ನೇ ಅಧ್ಯಾಯ ಹಿಡಿದು ನಡೆಯುತ್ತೇನೆ. ಮುಂದೆ ಇಟ್ಟದ್ದನ್ನು ವಿಚಾರಣೆ ಮಾಡದೆ ತಿನ್ನಬಹುದು. ಇದು ನೈವೇದ್ಯ ಎಂದು ಅವರೇ ಹೇಳಿದರೆ ಬಿಡಬೇಕು. ಹಾಗಾಗಿ ಹಬ್ಬದ ಹೋಳಿಗೆ, ಸಂಕ್ರಾಂತಿಯ ಎಳ್ಳು ಬೆಲ್ಲ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ಪೂಜೆಯ ಪ್ರಸಾದ ಎಂದರೆ, "ಅಕ್ಕಾ, ಇದು ನಮ್ಮಲ್ಲಿ ತಿನ್ನಲ್ಲ, ಬೇಜಾರಾಗಬೇಡ್ರಿ" ಎಂದು ಮುಖ ನೋಡಿಯೇ ಹೇಳುತ್ತೇನೆ. ತೆಗೆದುಕೊಂಡು ಹಿಂದಿನಿಂದ ಬಿಸಾಡುವುದು ಮಾತ್ರ ಬೇಡ. ಅದು ಸುಳ್ಳು, ಮೇಲಾಗಿ ಕೊಟ್ಟವರಿಗೆ ಅವಮಾನ.

ಕ್ರಿಸ್ಮಸ್‌ಗೆ ನಾವು ಕೊಡುವಾಗಲೂ ಅಷ್ಟೇ ಎಚ್ಚರ ಬೇಕು. ನಮ್ಮ ಓಣಿಯ ಲಿಂಗಾಯತರ ಮನೆಗಳಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಅವರಿಗಾಗಿಯೇ ಒಂದು ಬಾಣಲೆ ತೆಗೆದಿಟ್ಟಿದ್ದೇನೆ. ಮಾಂಸ, ಮೊಟ್ಟೆ ಅದಕ್ಕೆ ತಾಗಿಲ್ಲ. ಕರ್ಚಿಕಾಯಿ, ಚಕ್ಲಿ ಅದರಲ್ಲೇ ಕರಿಯುತ್ತೇನೆ, ಕೇಕು ಕೊಡುವುದಿಲ್ಲ. ಮೊದಲ ವರ್ಷ ಎಷ್ಟು ಜನ ತಿಂದರೋ ಗೊತ್ತಿಲ್ಲ. ಬಾಣಲೆಯ ವಿಷಯ ಓಣಿಗೆ ಗೊತ್ತಾದ ಮೇಲೆ ಡಬ್ಬಿ ಖಾಲಿ ಬಂದದ್ದೇ ಇಲ್ಲ. ಅದರೊಳಗೆ ಏನಾದರೂ ಹಾಕಿಯೇ ವಾಪಸ್ ಕಳಿಸುತ್ತಾರೆ.

ಮಾತಿನ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ನಾವು ಆಡುವ ಕನ್ನಡ ಬೇರೆ. "ಕರ್ತನು ನನ್ನ ಸಂಗಡ ಮಾತಾಡಿದನು", "ನೀವು ರಕ್ಷಣೆ ಹೊಂದಿದ್ದೀರಾ?" ಎನ್ನುತ್ತೇವೆ. ನಮಗೆ ಅದು ಪ್ರೀತಿಯ ಭಾಷೆ. ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ. ಆಮೇಲೆ ತಿದ್ದುಪಡಿಗಳಾಗಿವೆ, ಆದರೂ ಹಳೆಯ ಧಾಟಿ ನಮ್ಮ ನಾಲಿಗೆಯ ಮೇಲೆ ಉಳಿದಿದೆ. ಬೆಂಚಿನ ಮೇಲೆ ಕೂತವರಿಗೆ ಅದು ಅರ್ಥವಾಗುವುದಿಲ್ಲ. "ದೇವರು ನನ್ನ ಕೈ ಬಿಡಲಿಲ್ಲ" ಎಂದರೆ ಅರ್ಥವಾಗುತ್ತದೆ. ನಮ್ಮ ಹಿಂದಿನವರು ಜನರ ಮಾತು ಕಲಿಯಲು ಎಷ್ಟು ಕಷ್ಟಪಟ್ಟರು ನೋಡಿ. ಬಾಸೆಲ್ ಮಿಷನ್ನಿನ ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅದರಲ್ಲಿ ಗಾದೆಗಳೂ ಇವೆ ಎಂದು ಕನ್ನಡ ಟೀಚರಾಗಿರುವ ನನ್ನ ಮಗಳು ತೋರಿಸಿದಳು. ಹೊರಗಿನಿಂದ ಬಂದವರು ವರ್ಷಗಟ್ಟಲೆ ಕೂತು ನಮ್ಮ ಮಾತು ಕೇಳಿಸಿಕೊಂಡರು. ಇಲ್ಲೇ ಹುಟ್ಟಿದ ನಾವು ಪಕ್ಕದ ಮನೆಯವರ ಮಾತನ್ನು ಹತ್ತು ನಿಮಿಷ ಕೇಳಬಾರದೇ? ಒಂದು ಪದವನ್ನಂತೂ ಪೂರ್ತಿ ಬಿಟ್ಟುಬಿಡಿ. "ಅನ್ಯರು" ಎನ್ನಬೇಡಿ, ಸಭೆಯ ಒಳಗೂ ಬೇಡ. ನನ್ನ ಹೆರಿಗೆಗೆ ನಡುರಾತ್ರಿ ಆಟೋ ತಂದವರು ಅನ್ಯರು ಹೇಗಾಗುತ್ತಾರೆ?

ನಿಮ್ಮ ಕಥೆ ಹೇಳುವ ಸಂದರ್ಭ ಬಂದರೆ ಮೂರು ನಿಮಿಷ ಸಾಕು. ಏನಾಗಿತ್ತು, ದೇವರು ಏನು ಮಾಡಿದ, ಇನ್ನೂ ಏನು ಸರಿಯಾಗಿಲ್ಲ. ಈ ಮೂರನೆಯದನ್ನು ಬಿಡಬೇಡಿ. ನನ್ನ ಕಥೆ ಹೀಗಿದೆ. ಹನ್ನೊಂದು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡರು. ಎರಡು ವರ್ಷ ನನಗೆ ಪ್ರಾರ್ಥನೆ ಬರಲಿಲ್ಲ, ದೇವರ ಮೇಲೆ ಸಿಟ್ಟಿತ್ತು. ಸಭೆಯ ಹಿರಿಯ ತಾಯಿ ಒಬ್ಬರು ಪ್ರತಿ ಗುರುವಾರ ಅಂಗಡಿಗೆ ಬರುತ್ತಿದ್ದರು. ಒಂದು ವಚನವನ್ನೂ ಹೇಳಲಿಲ್ಲ. ಸೂಜಿ ದಾರ ತೆಗೆದುಕೊಂಡು ನನ್ನ ಪಕ್ಕ ಕೂತು ಹೆಮ್ಮಿಂಗ್ ಮಾಡಿಕೊಡುತ್ತಿದ್ದರು. ಅವರ ಕಣ್ಣು ಮಂಜು, ಹೊಲಿಗೆ ಸೊಟ್ಟ. ಅವರು ಹೋದ ಮೇಲೆ ನಾನು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಹಾಗೆ ಬಿಚ್ಚುತ್ತಾ ಕೂತಿದ್ದಾಗಲೇ ಒಂದು ಸಂಜೆ ಅಳು ಬಂತು, ಅಳುವಿನಲ್ಲೇ ಪ್ರಾರ್ಥನೆಯೂ ಬಂತು. ಯಜಮಾನರ ಶರ್ಟು ಇನ್ನೂ ಬೀರುವಿನಲ್ಲಿದೆ. ತೆಗೆಯಲು ಆಗಿಲ್ಲ. ಇಷ್ಟೇ ನನ್ನ ಸಾಕ್ಷಿ. ಇದನ್ನು ದೊಡ್ಡದು ಮಾಡಬೇಕೆಂದು ನನಗೆ ಅನ್ನಿಸಿಲ್ಲ. ಯೋಹಾನ 9ರಲ್ಲಿ ಕುರುಡನಾಗಿದ್ದವನೂ ಜಾಸ್ತಿ ಹೇಳಲಿಲ್ಲ. ನಾನು ಕುರುಡನಾಗಿದ್ದೆ, ಈಗ ಕಾಣುತ್ತದೆ, ಈ ಒಂದು ನನಗೆ ಗೊತ್ತು ಎಂದ.

ಯಾರಾದರೂ ಕಷ್ಟ ಹೇಳಿಕೊಂಡರೆ ಪ್ರಾರ್ಥನೆ ಮಾಡಬಹುದಾ? ಮಾಡಬಹುದು, ಆದರೆ ಮೊದಲು ಕೇಳಿ. "ನಿಮಗಾಗಿ ಪ್ರಾರ್ಥಿಸಲಾ? ಬೇಡ ಅಂದರೂ ಪರವಾಗಿಲ್ಲ." ಹೂಂ ಅಂದರೆ ಕೂತಲ್ಲೇ, ಮೆಲ್ಲಗೆ, ಅರ್ಧ ನಿಮಿಷ ಸಾಕು. ತಲೆ ಮೇಲೆ ಕೈ ಇಡಬೇಡಿ, ಕೂಗಬೇಡಿ. ಬಿಪಿ, ಶುಗರ್ ಮಾತ್ರೆ ಬಿಡಿ ಎಂದು ಯಾವತ್ತೂ ಹೇಳಬೇಡಿ. ಗುಣವಾಗೇ ಆಗುತ್ತದೆ ಎಂದು ಮಾತು ಕೊಡಬೇಡಿ. ಮತ್ತೆ ನಾನು ಬಹಳ ಬೇಡಿಕೊಳ್ಳುವುದು ಇದು: ಅವರ ಗುಟ್ಟನ್ನು ಸಭೆಯಲ್ಲಿ ಸಾಕ್ಷಿಯ ಹೆಸರಲ್ಲಿ ಹೇಳಬೇಡಿ. "ನಮ್ಮ ಓಣಿಯ ಒಬ್ಬ ಸಹೋದರಿ" ಅಂದರೂ ನಾಳೆ ಬೆಳಿಗ್ಗೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ದ್ರೋಹ.

ಸಹಾಯವನ್ನೂ ಸುವಾರ್ತೆಯನ್ನೂ ಒಂದೇ ತಟ್ಟೆಯಲ್ಲಿ ಇಡಬೇಡಿ. 2020ರ ಲಾಕ್‌ಡೌನಿನಲ್ಲಿ ನನ್ನ ಹತ್ತಿರ ಇದ್ದ ಅಸ್ತರ್ ಬಟ್ಟೆಯಲ್ಲಿ ಮಾಸ್ಕ್ ಹೊಲಿದು ಓಣಿಗೆಲ್ಲ ಹಂಚಿದೆ. ಸಭೆಯ ಒಬ್ಬರು ಜೊತೆಗೊಂದು ಕರಪತ್ರ ಇಡೋಣ ಎಂದರು. ನಾನು ಒಪ್ಪಲಿಲ್ಲ. ಮಾಸ್ಕ್ ತೆಗೆದುಕೊಂಡವರು ಕರಪತ್ರ ಬೇಡ ಎನ್ನಲು ಆಗುತ್ತದಾ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಹೇಳಿಸಿಕೊಂಡವರು ನಾವು. ಕಾನೂನೂ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಪಾಲಿಸುವ, ಸಾರುವ ಹಕ್ಕು ಕೊಟ್ಟಿದೆ. ಸಾರುವ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ರಾಜ್ಯ 2022ರಲ್ಲಿ ತಂದ ಕಾಯ್ದೆ ಬಲವಂತ, ಮೋಸ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡುವುದನ್ನು ಅಪರಾಧ ಎಂದಿತು. ಕಾಯ್ದೆಯ ಮಾತು ಬಿಟ್ಟರೂ, ಐಶ್ವರ್ಯವಂತನಾದ ಒಬ್ಬ ಮನುಷ್ಯ ದುಃಖದಿಂದ ಹೊರಟುಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ. ಅವನನ್ನು ಪ್ರೀತಿಸಿದ, ಹೋಗಲು ಬಿಟ್ಟ. ಮಕ್ಕಳ ಹತ್ತಿರ ಮಾತಾಡುವಾಗ ಅವರ ಅಪ್ಪ ಅಮ್ಮನಿಗೆ ಗೊತ್ತಿರಲೇಬೇಕು.

"ನಿಮ್ಮವರು ದುಡ್ಡು ಕೊಟ್ಟು ಸೇರಿಸಿಕೊಳ್ತಾರಂತೆ ಹೌದೇನ್ರಿ?" ಎಂದು ನನ್ನನ್ನೂ ಕೇಳಿದ್ದಾರೆ. ಸಿಟ್ಟು ಮಾಡಿಕೊಳ್ಳಬೇಡಿ. "ನನಗಂತೂ ಯಾರೂ ಕೊಟ್ಟಿಲ್ಲ, ನಾನೂ ಯಾರಿಗೂ ಕೊಟ್ಟಿಲ್ಲ. ಯಾರಾದರೂ ಹಾಗೆ ಮಾಡಿದರೆ ಅದು ತಪ್ಪು" ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸುತ್ತೇನೆ.

ಬೇರೆಯವರ ದೇವರನ್ನು ಬಯ್ಯುವುದು ನಮ್ಮ ಕೆಲಸವಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆಗ ಮನೆ ಮನೆಗೂ ನೆಂಟರು, ಎಲ್ಲರಿಗೂ ಹೊಸ ಬಟ್ಟೆ. ರಾತ್ರಿ ಹನ್ನೆರಡರವರೆಗೆ ನನ್ನ ಮಷೀನು ಓಡುತ್ತದೆ. ಆ ಬ್ಲೌಸುಗಳನ್ನೂ ಕ್ರಿಸ್ಮಸ್ ಬ್ಲೌಸಿನಷ್ಟೇ ಅಚ್ಚುಕಟ್ಟಾಗಿ ಹೊಲಿಯುತ್ತೇನೆ. ಎಫೆಸದಲ್ಲಿ ಅರ್ತೆಮೀ ದೇವಿಯ ಹೆಸರಲ್ಲಿ ದೊಡ್ಡ ಗಲಾಟೆ ಎದ್ದಾಗ, ಈ ಜನ ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಪೌಲನ ಜೊತೆಯವರ ಪರವಾಗಿ ಊರಿನ ಅಧಿಕಾರಿಯೇ ಹೇಳಿದ. ಅಪೊಸ್ತಲರ ಕೃತ್ಯಗಳು 19:37, ಓದಿ ನೋಡಿ. ನಮ್ಮ ಊರಿನವರು ನಮ್ಮ ಬಗ್ಗೆ ಹಾಗೆ ಹೇಳುವಂತೆ ಇರಬೇಕು ಎಂಬುದು ನನ್ನ ಆಸೆ.

ಮೊಬೈಲ್ ಸ್ಟೇಟಸ್ಸಿಗೆ ದಿನಾ ವಚನ ಹಾಕುವುದು ನಿಮ್ಮಿಷ್ಟ. ಅದರಿಂದಲೇ ಹೇಳಿದ ಹಾಗಾಯಿತು ಎಂದುಕೊಳ್ಳಬೇಡಿ, ಅಷ್ಟೇ.

ಇನ್ನೂ ತಿಳಿಯಬೇಕು ಎಂದು ಅವರಾಗೇ ಕೇಳಿದರೆ ನಾನು ಮಾರ್ಕನ ಸುವಾರ್ತೆಯ ಸಣ್ಣ ಪುಸ್ತಕ ಕೊಡುತ್ತೇನೆ. ಹದಿನಾರೇ ಅಧ್ಯಾಯ, ಬೇಗ ಮುಗಿಯುತ್ತದೆ. ಓದಿ ಏನನ್ನಿಸಿತು ಹೇಳಿ ಎನ್ನುತ್ತೇನೆ. ಕೆಲವರು ಓದಿ ವಾಪಸ್ ಕೊಟ್ಟಿದ್ದಾರೆ. ಅವರ ಬ್ಲೌಸು ನಾನು ಈಗಲೂ ಹೊಲಿಯುತ್ತೇನೆ.

ಆ ಟೀಚರು ಎಂಟು ತಿಂಗಳ ಮೇಲೆ ಬಂದರಲ್ಲ, ಆಗ ನಾನು ಮೊದಲು ಕೇಳಿದ್ದು ಕ್ಷಮೆ. "ಅವತ್ತು ನಿಮ್ಮ ಮಾತು ಕೇಳಲಿಲ್ಲ ಮಿಸ್, ತಪ್ಪಾಯಿತು." ಅವರು ಸುಮ್ನೆ ಕೂತರು. ಆಮೇಲೆ ಮುಕ್ಕಾಲು ಗಂಟೆ ಅವರು ಮಾತಾಡಿದರು, ನಾನು ಕಾಜ ಹಾಕುತ್ತಾ ಕೇಳಿದೆ. ಈಗಲೂ ಬರುತ್ತಾರೆ. ಅವರು ನಮ್ಮ ಸಭೆಗೆ ಯಾವತ್ತೂ ಬಂದಿಲ್ಲ. ಗಂಡ ತೀರಿಕೊಂಡ ದಿನ ಮೊದಲ ಫೋನು ಮಾಡಿದ್ದು ನನಗೆ.

ಕೊನೆಯದಾಗಿ ದಿನಾ ಮಾಡುವ ಒಂದು ಕೆಲಸ ಹೇಳುತ್ತೇನೆ. ನನ್ನ ಹತ್ತಿರ ಅಳತೆ ಪುಸ್ತಕ ಇದೆ. ಪುಟಕ್ಕೊಂದು ಹೆಸರು. ಎದೆ, ಸೊಂಟ, ತೋಳು, ಕುತ್ತಿಗೆ ಎಂದು ಅಂಕಿ ಬರೆದಿರುತ್ತದೆ. ಶಟರ್ ಎಳೆಯುವ ಮುಂಚೆ ಮೂರು ಪುಟ ತೆರೆದು ಆ ಮೂರು ಹೆಸರಿಗಾಗಿ ಪ್ರಾರ್ಥಿಸುತ್ತೇನೆ. ಅವರಿಗೆ ಇದು ಗೊತ್ತಿಲ್ಲ, ಹೇಳುವುದೂ ಇಲ್ಲ. ನಿಮ್ಮ ಹತ್ತಿರ ಅಳತೆ ಪುಸ್ತಕ ಇಲ್ಲದಿದ್ದರೆ ಫೋನಿನಲ್ಲಿರುವ ನಂಬರುಗಳಿವೆ, ಹಾಜರಿ ಪುಸ್ತಕ ಇದೆ, ಹಾಲಿನ ಲೆಕ್ಕದ ಚೀಟಿ ಇದೆ. ಮೂರು ಹೆಸರಿನಿಂದ ಶುರು ಮಾಡಿ. ಮಾರನೆಯ ದಿನ ಅವರಲ್ಲಿ ಒಬ್ಬರು ಎದುರು ಸಿಕ್ಕರೆ, ಚೆನ್ನಾಗಿದ್ದೀರಾ ಎಂದು ಕೇಳಿ, ಉತ್ತರ ಬರುವವರೆಗೆ ನಿಂತುಕೊಳ್ಳಿ.