ಮೊದಲು ಇಳಿಯೋದು

ನಮ್ಮ ಮನೆಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಮಳೆಗಾಲ ಹಿಡಿಯುವ ಮೊದಲೇ ಅದರ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿ ಸಂಕ ಮಾಡುತ್ತಿದ್ದರು. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆನ್ನಿಗೆ ಪಾಟಿಚೀಲ, ತಲೆಗೆ ಕಂಬಳಿಕೊಪ್ಪೆ, ಬರಿಗಾಲು. ಅಪ್ಪಯ್ಯ ಆಚೆ ದಡದಲ್ಲಿ ನಿಂತು ಕೂಗುತ್ತಿದ್ದರು: "ನೀರು ನೋಡ್ಬ್ಯಾಡ, ಈ ಕಲ್ಲು ನೋಡ್ಕಂಡು ಬಾ."

ಬೆಂಗಳೂರಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುವಾಗ ಮೊದಲ ಸಲ ಬ್ಯಾಲೆನ್ಸ್ ಬೀಮ್, ಅಂದರೆ ಮೇಲೆ ನಿಂತು ಕಸರತ್ತು ಮಾಡುವ ಕಿರಿದಾದ ತೊಲೆ, ಹತ್ತಿದಾಗ ಕೋಚ್ ಹೇಳಿದ್ದೂ ಅದನ್ನೇ. ಕಾಲು ನೋಡಬೇಡ, ಬೀಮಿನ ತುದಿ ನೋಡು. ಅಗಲ 10 ಸೆಂಟಿಮೀಟರ್, ಉದ್ದ 5 ಮೀಟರ್, ಎತ್ತರ 1.25 ಮೀಟರ್. ಕೆಳಗೆ ಹಳ್ಳ ಇಲ್ಲ, ಮ್ಯಾಟ್ ಇದೆ. ಜೊತೆಯ ಹುಡುಗಿಯರು ನಡುಗುತ್ತಿದ್ದರು, ನನಗೆ ಹೆದರಿಕೆಯೇ ಆಗಲಿಲ್ಲ. ಹತ್ತುವುದು, ನಿಲ್ಲುವುದು, ಹಾರುವುದು ಎಲ್ಲ ಬೇಗ ಕೈವಶವಾಯಿತು. ಇಳಿಯುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನನಗೂ ಅದು ಕಲಿಯಬೇಕಾದ ವಿದ್ಯೆ ಅನ್ನಿಸಿರಲಿಲ್ಲ.

ಅದು ತೊಂಬತ್ತರ ದಶಕ. ವಾಲ್ಟಿಗೆ, ಅಂದರೆ ಓಡಿ ಬಂದು ಕೈಯೂರಿ ಹಾರುವ ಸ್ಪರ್ಧೆಗೆ, ಈಗಿನ ಅಗಲವಾದ ಟೇಬಲ್ ಬಂದದ್ದು 2001ರಲ್ಲಿ. ನಮ್ಮ ಕಾಲದಲ್ಲಿ ಕಿರಿದಾದ 'ಹಾರ್ಸ್'. ಹುಡುಗಿಯರಿಗೆ ಅದನ್ನು ಅಡ್ಡಡ್ಡ ಇಡುತ್ತಿದ್ದರು, ಕೈ ಊರುವ ಜಾಗ ಒಂದು ಮೊಳವೂ ಇರುತ್ತಿರಲಿಲ್ಲ. 25 ಮೀಟರ್ ಓಡಿ ಬಂದು ಅದರ ಮೇಲೆ ಕೈಯೂರಿ ಮುಂದಕ್ಕೆ ಪಲ್ಟಿ ಹೊಡೆಯಬೇಕು. ರಾಜ್ಯ ತಂಡ, ರಾಷ್ಟ್ರಮಟ್ಟದ ಕೂಟಗಳು, ಶಿಬಿರಗಳು, ಎಲ್ಲ ಆಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಕೂಟದಲ್ಲಿ ಹಾರಿದ್ದು ಚೆನ್ನಾಗಿಯೇ ಹಾರಿದೆ. ಪಾದ ಮ್ಯಾಟಿಗೆ ತಾಗಿತು, ಎಡ ಮಂಡಿ ಒಳಕ್ಕೆ ವಾಲಿತು. ಒಣ ಸೌದೆ ಮುರಿದ ಹಾಗೆ ಒಂದು ಸದ್ದು. ಎಸಿಎಲ್ ಹರಿದಿತ್ತು, ಮಂಡಿಯನ್ನು ಒಳಗಿನಿಂದ ಹಿಡಿದಿಡುವ ಹುರಿ. ಕರೆದುಕೊಂಡು ಹೋದವರು ಬ್ಯಾಂಡೇಜು ಸುತ್ತಿ ರೈಲು ಹತ್ತಿಸಿದರು. ಆಪರೇಷನ್ ಆಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು, ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ. ಆ ಎರಡು ವರ್ಷದ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಆಮೇಲೆ ಮದುವೆ, ಮಕ್ಕಳು, ಶಿವಮೊಗ್ಗ. ಆಟದ ಕಡೆ ತಲೆ ಹಾಕಲಿಲ್ಲ.

2016ರ ಆಗಸ್ಟ್ 14ರ ರಾತ್ರಿ ಮಾತ್ರ ಟಿವಿ ಮುಂದೆ ಕೂತಿದ್ದೆ. ಅಗರ್ತಲಾದ ದೀಪಾ ಕರ್ಮಾಕರ್ ರಿಯೋದಲ್ಲಿ ವಾಲ್ಟ್ ಫೈನಲ್. ನಮ್ಮ ದೇಶದಿಂದ ಒಲಿಂಪಿಕ್ಸಿಗೆ ಹೋದ ಮೊದಲ ಮಹಿಳಾ ಜಿಮ್ನಾಸ್ಟ್ ಆಕೆ, ಚಪ್ಪಟೆ ಪಾದದ ಹುಡುಗಿ. ಎರಡನೇ ಹಾರಾಟ ಪ್ರೊಡುನೋವಾ, ಕೈಯೂರಿ ಎದ್ದು ಮುಂದಕ್ಕೆ ಎರಡು ಪಲ್ಟಿ. ಮುಂದಕ್ಕೆ ತಿರುಗುವಾಗ ನೆಲ ಕಣ್ಣಿಗೆ ಬೀಳುವುದು ಕಡೆಯ ಗಳಿಗೆಯಲ್ಲಿ, ಹೆಚ್ಚುಕಮ್ಮಿ ಕುರುಡಾಗಿ ಇಳಿಯಬೇಕು. ಆಕೆ ಇಳಿದಳು, ತೀರಾ ತಗ್ಗಿ, ಕೂತೇಬಿಟ್ಟಳೇನೋ ಅನ್ನುವಷ್ಟು. ನನ್ನ ಕೈ ತಾನಾಗಿ ಎಡ ಮಂಡಿ ಹಿಡಿದುಕೊಂಡಿತ್ತು.

ಆಕೆಯ ಎರಡು ವಾಲ್ಟುಗಳ ಸರಾಸರಿ ಅಂಕ 15.066, ನಾಲ್ಕನೇ ಸ್ಥಾನ. ಕಂಚು ಗೆದ್ದಾಕೆಗೆ 15.216. ಆ ರಾತ್ರಿ ನಿದ್ದೆ ಬಾರದೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ವ್ಯತ್ಯಾಸ 0.150. ಇಳಿದ ಮೇಲೆ ಒಂದು ದೊಡ್ಡ ಹೆಜ್ಜೆ ಇಟ್ಟರೆ ಕತ್ತರಿಸುವುದು 0.3 ಅಂಕ. ಸರಾಸರಿಯಲ್ಲಿ ಅದು ಅರ್ಧವಾಗುತ್ತದೆ, ಅಂದರೆ ಸರಿಯಾಗಿ 0.150. ಕಂಚಿಗೂ ನಾಲ್ಕನೇ ಸ್ಥಾನಕ್ಕೂ ನಡುವೆ ಇದ್ದದ್ದು ಒಂದು ಹೆಜ್ಜೆಯಷ್ಟು ಇಳಿತ. ನನ್ನ ಇಡೀ ಆಟವೂ ಅಲ್ಲೇ ನಿಂತಿತ್ತಲ್ಲ.

ಮುಂದಿನ ವರ್ಷ ಸಾಗರ ರಸ್ತೆ ಬದಿಯಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸಲು ಒಂದು ಹಳೇ ಅಡಿಕೆ ಗೋದಾಮು ಬಾಡಿಗೆಗೆ ಹಿಡಿದೆ. ಸವೆದ ಟಯರು ಸಾಲಾಗಿ ಜೋಡಿಸಿ, ಮೇಲೆ ಎರಡು ಪದರ ಪ್ಲೈವುಡ್, ಅದರ ಮೇಲೆ ಜಮಖಾನ. ಹಾಸಿಗೆ ಅಂಗಡಿಯವರು ಎಸೆಯುವ ಫೋಮ್ ಚೂರನ್ನು ಗೋಣಿಚೀಲಕ್ಕೆ ತುಂಬಿಸಿ ಹೊಲಿಸಿದೆ. ಆಷಾಢದಲ್ಲಿ ಅವಕ್ಕೆಲ್ಲ ಬೂಸಲು ಹಿಡಿಯುತ್ತದೆ, ಬಿಸಿಲು ಕಂಡ ದಿನ ಹೊರಗೆ ಹರವುವುದೇ ಒಂದು ಕೆಲಸ. ಕೈಗೆ ಹಚ್ಚುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯೂ ತೇವ ಎಳೆದು ಮುದ್ದೆಯಾಗುತ್ತದೆ. ಅದನ್ನು ಡಬ್ಬಿಯ ಬಾಯಿ ಬಿಗಿ ಮಾಡಿ ಮನೆಯ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ.

ಬಂದ ಮಗುವಿಗೆ ಮೊದಲ ಮೂರು ತಿಂಗಳು ಪಲ್ಟಿ ಇಲ್ಲ. ಒಂದು ಗೇಣೆತ್ತರದ ಮರದ ಪೆಟ್ಟಿಗೆ ಹತ್ತು, ಇಳಿ. ಅಷ್ಟೇ. ಪಾದ ಸೊಂಟದಗಲ, ಬೆರಳು ಮುಂದಕ್ಕೆ, ಮಂಡಿ ಬೆರಳಿನ ನೇರಕ್ಕೆ, ಎದೆ ಎತ್ತಿ, ಕೈ ಮುಂದೆ. ಅಂಗಳದಲ್ಲಿ ಅಡಿಕೆ ಹೆಕ್ಕಲು ಕುಕ್ಕರುಗಾಲಲ್ಲಿ ಕೂರುವವರು ಅರ್ಧಕ್ಕೇ ನಿಂತ ಹಾಗೆ ಅನ್ನುತ್ತೇನೆ, ತಕ್ಷಣ ಅರ್ಥವಾಗುತ್ತದೆ. ನಾನು ಮುಂದೆ ಕೂತು ಮಂಡಿಯನ್ನೇ ನೋಡುತ್ತೇನೆ. ಹನ್ನೆರಡು, ಹದಿಮೂರಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಅದು ಒಳಕ್ಕೆ ವಾಲುವುದು ಹೆಚ್ಚು. ವಾಲಿದರೆ ಪೆಟ್ಟಿಗೆ ಎತ್ತರಿಸುವುದಿಲ್ಲ, ಎಷ್ಟು ಅತ್ತರೂ ಇಲ್ಲ. ಪಲ್ಟಿ ಇಲ್ಲ ಅಂತ ಬೇರೆ ಕಡೆ ಸೇರಿಸಿದ ತಂದೆತಾಯಿ ಇದ್ದಾರೆ. ಅದಕ್ಕೆ ನನಗೆ ಬೇಸರವಿದೆ, ಆದರೂ ಕ್ರಮ ಬದಲಿಸಿಲ್ಲ.

ಇನ್ನೊಂದು ಪರೀಕ್ಷೆ ಸದ್ದು. ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತೇನೆ. 'ಧಪ್' ಅಂದರೆ ಕಾಲು ಗಟ್ಟಿಯಾಗಿತ್ತು, ಪೆಟ್ಟೆಲ್ಲ ಮಂಡಿಗೆ ಹೋಯಿತು. ಸರಿಯಾಗಿ ಇಳಿದವಳ ಸದ್ದು ತಲೆದಿಂಬು ಬಿದ್ದ ಹಾಗಿರುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಏನೂ ಕೇಳುವುದಿಲ್ಲ. ಆಗ ಪ್ಲೈವುಡ್ಡಿನ ಮೇಲೆ ಅಂಗೈ ಊರಿ ಕೂರುತ್ತೇನೆ. ಅದುರಿದ್ದು ಕೈಗೆ ಗೊತ್ತಾಗುತ್ತದೆ.

ದೀಪಾಗೂ 2017ರಲ್ಲಿ ಎಸಿಎಲ್ ಆಪರೇಷನ್ ಆಯಿತು. 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ಚಿನ್ನ ಗೆದ್ದಳು. 2024ರ ಮೇನಲ್ಲಿ, ಮೂವತ್ತರ ವಯಸ್ಸಿನಲ್ಲಿ, ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್ ಚಿನ್ನ. ಅದೇ ಅಕ್ಟೋಬರಿನಲ್ಲಿ ನಿವೃತ್ತಿ ಹೇಳಿದಳು. ಆ ಸುದ್ದಿ ಬಂದ ಸಂಜೆ ಆಕೆ ತಾಷ್ಕೆಂಟಿನಲ್ಲಿ ಹಾರಿದ್ದನ್ನು ಮಕ್ಕಳಿಗೆ ಫೋನಿನಲ್ಲಿ ತೋರಿಸಿದೆ. ಅವರು ಹಾರಾಟ ನೋಡಿ ಕಿರುಚಿದರು. ಹನ್ನೊಂದರ ಒಬ್ಬಳು ಮಾತ್ರ, "ಅಕ್ಕಾ, ಇಳ್ದಿದ್ದು ಇನ್ನೊಂದ್ಸಲ ಹಾಕಿ" ಅಂದಳು. ನಾಲ್ಕು ಸಲ ಹಾಕಿದೆ. ಆಮೇಲೆ ಅವಳು ಹೋಗಿ ಪೆಟ್ಟಿಗೆ ಹತ್ತಿದಳು. ಹೊರಗೆ ಹಿಂಗಾರಿನ ಮಳೆ ಶುರುವಾಗಿತ್ತು. ನಾನು ಪ್ಲೈವುಡ್ಡಿಗೆ ಕೈ ಊರಿ ಕೂತೆ.