ಹೂಕೋಸಿನಿಂದ ಮೈಟೋಕಾಂಡ್ರಿಯ ತೆಗೆದದ್ದು

ದಾದರಿನ ಬೆಳಗಿನ ಮಾರುಕಟ್ಟೆಯಲ್ಲಿ ಹೂಕೋಸು ಆರಿಸುವಾಗ ನಾನು ಅಡುಗೆಯ ಲೆಕ್ಕ ಹಾಕುವುದಿಲ್ಲ. ಹೂವು ಬಿಗಿಯಾಗಿ, ಬೆಳ್ಳಗೆ, ಒಂದು ಕಪ್ಪು ಚುಕ್ಕೆಯೂ ಇಲ್ಲದಂತೆ ಇರಬೇಕು. ದಂಟು ಹೇಗಿದ್ದರೂ ಸರಿ. ನನಗೆ ಬೇಕಾದದ್ದು ಮೇಲಿನ ಎರಡು ಮೂರು ಮಿಲಿಮೀಟರ್ ಮಾತ್ರ. ಅಲ್ಲಿರುವುದು ಇನ್ನೂ ಬೆಳೆಯುತ್ತಿರುವ ಎಳೆಯ ಜೀವಕೋಶಗಳು. ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗಗಳಾದ ಮೈಟೋಕಾಂಡ್ರಿಯಗಳು ಹೇರಳ, ಹಸಿರು ಇಲ್ಲದ್ದರಿಂದ ಪತ್ರಹರಿತ್ತಿನ ಕಾಟವೂ ಇಲ್ಲ.

ಊರು ಕಾರ್ಕಳ, ಅನ್ನ ಕೊಟ್ಟದ್ದು ಮುಂಬಯಿಯ ಒಂದು ಕಾಲೇಜು. ಅಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಮೊದಲೆಲ್ಲ ಕೋಶಗಳಿಂದ ಮೈಟೋಕಾಂಡ್ರಿಯ ಬೇರ್ಪಡಿಸುವ ಈ ಪ್ರಯೋಗಕ್ಕೆ ಆಡಿನ ಪಿತ್ತಜನಕಾಂಗ ತರಿಸುತ್ತಿದ್ದೆವು. ಶ್ರಾವಣದಲ್ಲಿ ಅರ್ಧ ತರಗತಿ ಮೂಗು ಮುಚ್ಚಿಕೊಂಡು ಹೊರಗೆ ನಿಲ್ಲುತ್ತಿತ್ತು. ಹಾಗಾಗಿ ಹೂಕೋಸಿಗೆ ಬಂದೆ. ಸುಲಭವಾಗುತ್ತದೆ ಎಂದುಕೊಂಡಿದ್ದೆ.

ಮೊದಲ ವರ್ಷ ಮಿಕ್ಸರ್ ಬಳಸಿದ್ದೇ ತಪ್ಪಾಯಿತು. ಎರಡು ನಿಮಿಷ ತಿರುಗಿಸಿದೆ, ನುಣ್ಣಗೆ ಚಟ್ನಿಯಂತಾಯಿತು, ಮುಟ್ಟಿದರೆ ಬೆಚ್ಚಗಿತ್ತು. ನಳಿಕೆಯನ್ನು ವೇಗವಾಗಿ ತಿರುಗಿಸಿ ಭಾರದ್ದನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ತೆಗೆದಾಗ ನಳಿಕೆಯ ತಳದಲ್ಲಿ ಕುಳಿತದ್ದು ಉಗುರಿನ ಅಂಚಿನಷ್ಟು ಗಸಿ. (ನಮ್ಮ ಕಡೆ ಗಸಿ ಎಂದರೆ ಬಾಯಲ್ಲಿ ನೀರೂರುತ್ತದೆ; ಇದು ಆ ಗಸಿಯಲ್ಲ.) ಮೈಟೋಕಾಂಡ್ರಿಯಗಳು ಚೂರುಚೂರಾಗಿ, ಕೆಳಗೆ ಕೂರುವಷ್ಟು ತೂಕವಿಲ್ಲದೆ ಮೇಲಿನ ನೀರಿನಲ್ಲೇ ತೇಲುತ್ತಿದ್ದವು. ಈಗ ಪಿಂಗಾಣಿಯ ಪುಟ್ಟ ಒರಳನ್ನು ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ 20 ಗ್ರಾಂ ತುರಿಯನ್ನು ತೊಳೆದ ಮರಳಿನೊಂದಿಗೆ ಕೈಯಲ್ಲೇ ಅರೆಸುತ್ತೇನೆ. ಸುತ್ತ ಮೀನು ಮಾರುಕಟ್ಟೆಯಿಂದ ತಂದ ಐಸ್. ವಾಸನೆ ಬಗ್ಗೆ ದೂರು ಬರುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅರೆಯುವುದು ಬರಿಯ ನೀರಿನಲ್ಲಲ್ಲ. ನೀರಿನಲ್ಲಿ ಮೈಟೋಕಾಂಡ್ರಿಯ ನೆನೆದ ಕಡಲೆಯಂತೆ ಉಬ್ಬಿ ಒಡೆಯುತ್ತದೆ. ಹೋಗ್‌ಬೂಮ್, ಶ್ನೈಡರ್, ಪಲಾಡೆ ಎಂಬ ಮೂವರು 1948ರಲ್ಲಿ ಗಟ್ಟಿ ಸಕ್ಕರೆ ದ್ರಾವಣ ಬಳಸಿ ಅದನ್ನು ಆಕಾರ ಕೆಡದಂತೆ ಹೊರತೆಗೆದರು. ನಾನು ಬಳಸುವುದು ಸಕ್ಕರೆಯಂಥದ್ದೇ ಆದ ಮ್ಯಾನಿಟಾಲ್, 0.3 ಮೋಲಾರ್, ಅಂದರೆ ಲೀಟರಿಗೆ ಸುಮಾರು 55 ಗ್ರಾಂ, ಫಾಸ್ಫೇಟ್ ಬಫರಿನಲ್ಲಿ, ಪಿಎಚ್ 7.2.

ಅರೆದದ್ದನ್ನು ನಾಲ್ಕು ಪದರ ಮಲ್ ಬಟ್ಟೆಯಲ್ಲಿ ಸೋಸಿ, ಗುರುತ್ವದ 600 ಪಟ್ಟು ಬಲದಲ್ಲಿ ಹತ್ತು ನಿಮಿಷ ತಿರುಗಿಸಿದರೆ ಒಡೆಯದ ಕೋಶಗಳು, ಕೋಶಕೇಂದ್ರಗಳು, ಪಿಷ್ಟ ಕೆಳಗಿಳಿಯುತ್ತವೆ. ಮೇಲಿನ ದ್ರವವನ್ನು 10,000 ಪಟ್ಟು ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ ಮೈಟೋಕಾಂಡ್ರಿಯ. ಪುಸ್ತಕ ಬಲವನ್ನು ಹೇಳುತ್ತದೆ, ನಮ್ಮ ಯಂತ್ರ ನಿಮಿಷದ ಸುತ್ತುಗಳನ್ನು ಮಾತ್ರ ತೋರಿಸುತ್ತದೆ. ಎಂಟು ಸೆಂಟಿಮೀಟರ್ ತ್ರಿಜ್ಯದ ರೋಟರಿಗೆ ಆ ಎರಡೂ ಕ್ರಮವಾಗಿ ಸುಮಾರು 2,600 ಮತ್ತು 10,600 ಸುತ್ತು. ಇದನ್ನು ಕಾಗದಕ್ಕೆ ಬರೆದು ಯಂತ್ರಕ್ಕೆ ಅಂಟಿಸಿದ ಮೇಲೆ ಅರ್ಧ ಗೊಂದಲ ತೀರಿತು.

ಇನ್ನು ನೀಲಿ ಬಣ್ಣದ ಕಥೆ. ಮೈಟೋಕಾಂಡ್ರಿಯ ಸಿಕ್ಕಿದೆ ಎಂಬುದಕ್ಕೆ ಸಾಕ್ಷಿ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಅದು ಕೋಶ ಆಹಾರವನ್ನು ಉರಿಸುವಾಗ ಸಿಗುವ ಸಕ್ಸಿನೇಟಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ಉಸಿರಾಟದ ಸರಪಳಿಗೆ, ಅಂದರೆ ಅವನ್ನು ಕೈಯಿಂದ ಕೈಗೆ ಆಮ್ಲಜನಕದವರೆಗೆ ಸಾಗಿಸುವ ಪ್ರೋಟೀನುಗಳ ಸಾಲಿಗೆ, ದಾಟಿಸುತ್ತದೆ. ಸರಪಳಿಯ ಕೊನೆಯನ್ನು ಅಜೈಡ್ ಹಾಕಿ ಮುಚ್ಚಿ (ಅದು ವಿಷ, ಆ ಬಾಟಲಿಯನ್ನು ನಾನಲ್ಲದೆ ಬೇರೆಯವರು ಮುಟ್ಟುವಂತಿಲ್ಲ), ಡಿಸಿಪಿಐಪಿ ಎಂಬ ನೀಲಿ ಬಣ್ಣವನ್ನು ಸೇರಿಸಿದರೆ ಆ ಎಲೆಕ್ಟ್ರಾನುಗಳು ಬಣ್ಣಕ್ಕೆ ಹೋಗುತ್ತವೆ, ನೀಲಿ ಮಾಯವಾಗುತ್ತದೆ. ಸಕ್ಸಿನೇಟ್ ಇಲ್ಲದ ನಳಿಕೆಯಲ್ಲಿ ನೀಲಿ ಹೆಚ್ಚುಕಡಿಮೆ ಹಾಗೆಯೇ ನಿಲ್ಲಬೇಕು. ಸಕ್ಸಿನೇಟಿನ ಜಾಗದಲ್ಲಿ ತಾನು ಕೂರುವ ಮ್ಯಾಲೊನೇಟ್ ಹಾಕಿದಲ್ಲಿ ನಿಧಾನವಾಗಬೇಕು.

ನನ್ನ ಎರಡನೆಯ ವರ್ಷದ ನಳಿಕೆಗಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಸಕ್ಸಿನೇಟ್ ಇಲ್ಲದ್ದರಲ್ಲೂ ಹೋಗಿತ್ತು, ಮ್ಯಾಲೊನೇಟ್ ಇದ್ದದ್ದರಲ್ಲೂ ಹೋಗಿತ್ತು. ಹೊಸ ದ್ರಾವಣ ಮಾಡಿದೆ, ನಳಿಕೆ ಬದಲಿಸಿದೆ, ಅದೇ ಹಾಡು. ಸಂಜೆ ನಾಲ್ಕಕ್ಕೆ ವಿಜಾಪುರದ ಕಡೆಯ ನಮ್ಮ ಲ್ಯಾಬ್ ಸಹಾಯಕ ಬಂದು ಕೇಳಿದ: “ಮೇಡಂ, ನಿಂಬೆಹಣ್ಣಿನ ಪ್ರಯೋಗದ ನೀಲಿ ಬಾಟಲಿ ನಿಮ್ಮ ಹತ್ತಿರ ಇದೆಯೇ? ಮೊದಲ ವರ್ಷದವರು ಕಾಯುತ್ತಿದ್ದಾರೆ.”

ತಲೆಗೆ ತಣ್ಣೀರು ಸುರಿದಂತಾಯಿತು. ಅದೇ ಬಣ್ಣದಿಂದ ನಿಂಬೆರಸದ ವಿಟಮಿನ್ ಸಿ ಅಳೆಯುವುದನ್ನು ನಾನೇ ವರ್ಷಗಟ್ಟಲೆ ಕಲಿಸಿದ್ದೆ. ಹೂಕೋಸಿನಲ್ಲಿ ವಿಟಮಿನ್ ಸಿಗೆ ಬರವಿಲ್ಲ. ಅವಸರದಲ್ಲಿ ಗಸಿಯ ಮೇಲೆ ಎರಡು ಮೂರು ಮಿಲಿಲೀಟರ್ ರಸ ಉಳಿಸಿಕೊಂಡಿದ್ದೆ. ನೀಲಿಯನ್ನು ನುಂಗಿದ್ದು ಅದು. ಈಗ ರಸವನ್ನು ಪೂರ್ತಿ ಬಗ್ಗಿಸಿ, ನಳಿಕೆಯನ್ನು ಕಾಗದದ ಮೇಲೆ ಬೋರಲು ಹಾಕಿ, ಗಸಿಯನ್ನು ಮೆತ್ತನೆಯ ಚಿತ್ರ ಬಿಡಿಸುವ ಕುಂಚದಿಂದ ತಣ್ಣನೆಯ ಮ್ಯಾನಿಟಾಲಿನಲ್ಲಿ ಕದಡಿ ಮತ್ತೆ ತಿರುಗಿಸುತ್ತೇನೆ. ಎರಡು ಸಲ. ಈ ಪ್ರಯೋಗಕ್ಕೆ ಕೈಹಾಕುವವರು ಬೇರೇನನ್ನು ಬಿಟ್ಟರೂ ಈ ತೊಳೆಯುವುದನ್ನು ಬಿಡಬೇಡಿ.

ಪ್ರಯೋಗ ಸರಿಹೋದ ವರ್ಷ, ಮಾಟುಂಗದ ಉಡುಪಿ ಹೋಟೆಲೊಂದರ ಕ್ಯಾಷಿಯರರ ಮಗಳು ಒಂದು ಪ್ರಶ್ನೆ ಕೇಳಿದಳು: “ಮೇಡಂ, ಮೈಟೋಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆಯಲ್ಲ. ಹಾಗಾದರೆ ಈ ಕಿಣ್ವವನ್ನು ಅದೇ ಮಾಡಿಕೊಂಡಿತೇ?” ಇಲ್ಲ. ಮನುಷ್ಯರ ಮೈಟೋಕಾಂಡ್ರಿಯದಲ್ಲಿರುವ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಲ್ಲಿ ಅದರ ಸ್ವಂತ ಡಿಎನ್‌ಎ ಬರೆದಿಟ್ಟುಕೊಂಡಿರುವುದು 13 ಮಾತ್ರ. ನಾವು ಅಳೆಯುವ ಈ ಕಿಣ್ವದ ನಾಲ್ಕು ತುಂಡುಗಳ ಬರಹವೂ ನಮ್ಮಲ್ಲಿ ಕೋಶಕೇಂದ್ರದಲ್ಲಿದೆ. ಅವು ಹೊರಗೆ ತಯಾರಾಗಿ ಒಳಗೆ ಸಾಗಿ ಬರಬೇಕು. ಅಷ್ಟು ವರ್ಷ ನೀಲಿ ಮಾಯವಾಗುವುದನ್ನು ಉಸಿರಾಟದ ಪಾಠವೆಂದೇ ಕಲಿಸಿದ್ದೆ. ಸಾಗಾಟ ನಡೆಯದಿದ್ದರೆ ಆ ನಳಿಕೆ ನೀಲಿಯಾಗಿಯೇ ಇರುತ್ತಿತ್ತು ಎಂದು ಒಮ್ಮೆಯೂ ಹೇಳಿರಲಿಲ್ಲ.

ಸಾಗಾಟವನ್ನು ನಮ್ಮಂಥ ಲ್ಯಾಬಿನಲ್ಲಿ ತೋರಿಸಲಾಗದು. ಅವಳ ದುಪಟ್ಟಾ ಮತ್ತು ನನ್ನ ಗಾಜಿನ ಬಳೆ ತೆಗೆದುಕೊಂಡೆ. ಮಡಿಸಿದ ದುಪಟ್ಟಾ ಬಳೆಯಲ್ಲಿ ಹೋಗುವುದಿಲ್ಲ; ಬಿಚ್ಚಿ ತುದಿ ಹಿಡಿದರೆ ಸರಾಗ. ಪ್ರೋಟೀನ್ ಕೂಡ ಮಡಿಕೆ ಬಿಚ್ಚಿಯೇ ಪೊರೆಯ ರಂಧ್ರ ದಾಟುತ್ತದೆ. ನಡುವೆ ಒಂದು ಗಂಟು ಹಾಕಿದೆ, ಸಿಕ್ಕಿಕೊಂಡಿತು. 1986ರಲ್ಲಿ ಐಲರ್ಸ್ ಮತ್ತು ಶಾಟ್ಸ್ ಮಾಡಿದ್ದು ಇಂಥದ್ದೇ. ಒಳಹೋಗುವ ವಿಳಾಸ ಅಂಟಿಸಿದ ಒಂದು ಪ್ರೋಟೀನಿಗೆ ಮೆಥೊಟ್ರೆಕ್ಸೇಟ್ ಔಷಧ ಸೇರಿಸಿದರು. ಅದು ಮಡಿಕೆಯನ್ನು ಬಿಗಿಹಿಡಿಯಿತು, ಪ್ರೋಟೀನ್ ಒಳಗೆ ಹೋಗಲಿಲ್ಲ. ಆ ವಿಳಾಸವೆಂದರೆ ಪ್ರೋಟೀನಿನ ಮುಂತುದಿಯ ಧನ ಆವೇಶದ ಒಂದು ತುಂಡು. ಮೈಟೋಕಾಂಡ್ರಿಯದ ಒಳಗೆ ಋಣ ಆವೇಶವಿರುವುದರಿಂದ ತುದಿ ಒಳಕ್ಕೆ ಸೆಳೆಯಲ್ಪಡುತ್ತದೆ, ಉಳಿದದ್ದನ್ನು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ ಒಳಗಿನ ಪ್ರೋಟೀನುಗಳು ಎಳೆದುಕೊಳ್ಳುತ್ತವೆ. ಒಳಗೆ ಬಂದ ಮೇಲೆ ವಿಳಾಸ ಕತ್ತರಿಸಿ ಹೋಗುತ್ತದೆ.

ಆ ಋಣ ಆವೇಶವನ್ನು ಕಾಯ್ದುಕೊಳ್ಳುವುದು ಉಸಿರಾಟದ ಸರಪಳಿ. ಅದರ ಬಹುಪಾಲು ತುಂಡುಗಳು ಈ ದಾರಿಯಲ್ಲೇ ಬರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅವಳು ನಕ್ಕು, “ಹಾಗಾದರೆ ಮೊದಲು ಶುರುವಾದದ್ದು ಹೇಗೆ?” ಎಂದಳು. ಯಾವ ಕೋಶವೂ ಮೈಟೋಕಾಂಡ್ರಿಯವನ್ನು ಸೊನ್ನೆಯಿಂದ ಕಟ್ಟುವುದಿಲ್ಲ, ಇದ್ದದ್ದೇ ಬೆಳೆದು ಒಡೆದು ಎರಡಾಗುತ್ತದೆ, ನಮಗೆ ಅದು ಬರುವುದು ತಾಯಿಯ ಅಂಡದಿಂದ ಎಂದೆ. ಊರಿನಲ್ಲಿ ಅಜ್ಜಿ ಬೆಳಿಗ್ಗೆ ಒಲೆ ಹೊತ್ತಿಸಲು ಪಕ್ಕದ ಮನೆಯಿಂದ ತೆಂಗಿನ ಗೆರಟೆಯಲ್ಲಿ ಕೆಂಡ ತರುತ್ತಿದ್ದುದನ್ನೂ ಹೇಳಿದೆ. ದಾದರಿನಲ್ಲಿ ಹುಟ್ಟಿದ ಹುಡುಗಿಗೆ ಗೆರಟೆ ಎಂದರೇನೆಂದು ವಿವರಿಸುವುದರಲ್ಲಿ ತರಗತಿಯ ಕೊನೆಯ ಐದು ನಿಮಿಷ ಕಳೆಯಿತು.

ಮೇಲ್ಮೈ ಹೆರೆದು ಉಳಿದ ಹೂಕೋಸುಗಳನ್ನು ಒರಳಿನ ಹತ್ತಿರಕ್ಕೂ ತರದೆ, ಸಹಾಯಕ ಬೇರೆಯೇ ಚೀಲದಲ್ಲಿ ಕಟ್ಟಿಟ್ಟಿರುತ್ತಾನೆ. ಪ್ರಯೋಗದ ದಿನ ಯಾವುದೆಂದು ನನಗಿಂತ ಮೊದಲು ಅವನ ಹೆಂಡತಿಗೆ ಗೊತ್ತಿರುತ್ತದೆ.